ಸುಮೇಧಾಳ ಹತ್ತನೆಯ ಸಭೆ

ಸಮಾಜಸೇವೆ ಮಾಡುವುದಕ್ಕೆ ಎರಡು ವರ್ಷದ ಸ್ನಾತಕೋತ್ತರ ಓದು ಯಾಕೆ ಬೇಕು ಎಂಬುದು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ನಾನು ಮೂವತ್ತೆಂಟು ವರ್ಷ ತಾಂಬರಂನಲ್ಲಿ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದವನು. ದಿನಾ ಸಾವಿರಾರು ಜನರನ್ನು ಸುರಕ್ಷಿತವಾಗಿ ಮನೆಗೆ ಸೇರಿಸಿದ್ದೇನೆ, ಅದಕ್ಕೆ ಯಾವನೂ ನನಗೊಂದು ಡಿಗ್ರಿ ಕೊಡಲಿಲ್ಲ. ನನ್ನ ಮೊಮ್ಮಗಳು ಸುಮೇಧಾ ಮಾತ್ರ ಬಿ.ಕಾಂ. ಮುಗಿಸಿ, ಬ್ಯಾಂಕ್ ಪರೀಕ್ಷೆಯ ಪುಸ್ತಕಗಳನ್ನು ಅಟ್ಟಕ್ಕೆ ಎಸೆದು, ಎಂ.ಎಸ್.ಡಬ್ಲ್ಯು. ಸೇರಿಬಿಟ್ಟಳು. ಅದರಲ್ಲೂ ಯುವಜನರು ಮತ್ತು ಸಮುದಾಯ ಅಂತ ವಿಶೇಷ ವಿಷಯ ಬೇರೆ.

"ಯುವಕರಿಗೋಸ್ಕರ ನೀನೇನೇ ಕೆಲಸ ಮಾಡೋದು? ಕೆಲಸ ಮಾಡಬೇಕಾದ್ದು ಅವರಲ್ವೇ?" ಎಂದೆ.

"ತಾತ, ನೀವು ಹೀಗೆ ಹೇಳುವಾಗ ನಿಮ್ಮೊಳಗೆ ಏನೋ ಒಂದು ಭಯ ಇದೆ ಅಂತ ನನಗೆ ಕೇಳಿಸ್ತಿದೆ," ಎಂದಳು.

ಆ ಕೋರ್ಸ್ ಸೇರಿದಾಗಿನಿಂದ ಇದೇ ಗೋಳು. ಸಾರಿಗೆ ಉಪ್ಪಿಲ್ಲ ಎಂದರೆ "ನಿಮಗೆ ಬೇಜಾರಾಗಿದೆ ಅನ್ಸತ್ತೆ" ಅನ್ನುತ್ತಾಳೆ. "ಬೇಜಾರಲ್ಲಮ್ಮ ತಾಯಿ, ಉಪ್ಪು! ಉಪ್ಪು!" ಎಂದು ಕೂಗಿದರೆ ತಲೆಯಾಡಿಸಿ, ಮುಂದೆ ಹೇಳಿ ಎಂಬಂತೆ ನೋಡುತ್ತಾಳೆ. ಉಪ್ಪಿನ ಡಬ್ಬಿ ಮಾತ್ರ ಬರುವುದಿಲ್ಲ.

ನಾವಿರುವುದು ತಮಿಳರ ಊರಾದ ಕ್ರೋಂಪೇಟೆಯ ಒಂದು ಹಳೆಯ ಕಟ್ಟಡದಲ್ಲಿ. ಮೂರು ಮಹಡಿ, ಹನ್ನೆರಡು ಮನೆ, ಲಿಫ್ಟಿಲ್ಲ. ಮನೆಮಾಲೀಕರ ಸಂಘಕ್ಕೆ ಹನ್ನೊಂದು ವರ್ಷದಿಂದ ನಾನೇ ಸೆಕ್ರೆಟರಿ, ಯಾಕೆಂದರೆ ಆ ತಲೆನೋವು ಇನ್ಯಾರಿಗೂ ಬೇಡ. ನಮ್ಮ ಕಾಂಪೌಂಡ್ ಗೋಡೆ ಸೊಂಟದಷ್ಟೂ ಎತ್ತರವಿಲ್ಲ. ಸಂಜೆ ಆರಾಯಿತೆಂದರೆ ಹಿಂದಿನ ಬೀದಿಯ ಐದು ಹುಡುಗರು ಬಂದು ಅದರ ಮೇಲೆ ಸಾಲಾಗಿ ಕೂರುತ್ತಿದ್ದರು. ಕೈಯಲ್ಲಿ ಮೊಬೈಲು, ಅದರಲ್ಲಿ ಕಿವಿ ಕಿತ್ತುಹೋಗುವ ಹಾಡು. ಮೊದಲು ಮರ್ಯಾದೆಯಿಂದ ಹೇಳಿದೆ. ಆಮೇಲೆ ಮರ್ಯಾದೆ ಬಿಟ್ಟು ಹೇಳಿದೆ. "ಸರಿ ಸಾರ್, ಸರಿ ಸಾರ್" ಎನ್ನುವರು, ಮರುದಿನ ಮತ್ತೆ ಹಾಜರು. ಕೊನೆಗೆ ಒಂದು ಉಪಾಯ ಹೂಡಿದೆ. ಪ್ರತಿದಿನ ಐದೂಮುಕ್ಕಾಲಿಗೆ ಸರಿಯಾಗಿ, ಗಿಡಕ್ಕೆ ನೀರು ಬಿಡುವ ನೆಪದಲ್ಲಿ, ಪೈಪು ಹಿಡಿದು ಗೋಡೆಯ ಉದ್ದಕ್ಕೂ ನೀರು ಹಾಯಿಸಿ ತೊಪ್ಪೆಯಾಗುವಂತೆ ನೆನೆಸುವುದು. ಮೇಲೆ ಬಂದು ಕೈಕಾಲು ತೊಳೆದು ಸಂಧ್ಯಾವಂದನೆಗೆ ಕೂರುವುದು. ಒಂದೂವರೆ ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಆ ಭಂಡರು ಕೂರುವುದನ್ನು ಬಿಡಲಿಲ್ಲ.

ಸುಮೇಧಾಳ ಕಾಲೇಜಿನಲ್ಲಿ ಫೀಲ್ಡ್‌ವರ್ಕ್ ಎಂದು ಒಂದಿದೆ. ತಮ್ಮ ತಮ್ಮ ಏರಿಯಾದಲ್ಲಿ ಒಂದು ಯುವಕರ ಗುಂಪನ್ನು ಹುಡುಕಿ ಅವರ ಜೊತೆ ಹತ್ತು ಸಭೆ ನಡೆಸಬೇಕು. ತಮ್ಮ ಸಮಸ್ಯೆ ಏನೆಂದು ಗುಂಪೇ ಹೇಳಬೇಕು, ಗುಂಪೇ ಅದನ್ನು ಬಗೆಹರಿಸಿಕೊಳ್ಳಬೇಕು. ಇವಳು ಜೊತೆಗಿರಬೇಕು ಅಷ್ಟೇ; ಉಪದೇಶ ಮಾಡುವ ಹಾಗಿಲ್ಲ, ಅವರ ಪರವಾಗಿ ಬಾಯಿ ಹಾಕುವ ಹಾಗಿಲ್ಲ. ಇದರಲ್ಲಿ ಫೇಲಾದರೆ ಇಡೀ ವರ್ಷ ಮತ್ತೆ ಮಾಡಬೇಕು. ನನ್ನ ಮಗ ಗುರುಚರಣ, ಅಂದರೆ ಅವಳಪ್ಪ, ಮೊದಲೇ ಹೇಳಿಬಿಟ್ಟಿದ್ದ: "ಇನ್ನೊಂದು ವರ್ಷ ನಾನು ಕಾಯಲ್ಲ. ಫೇಲಾದ್ರೆ ಸುಮ್ನೆ ಬಂದು ಬ್ಯಾಂಕ್ ಪರೀಕ್ಷೆಗೆ ಕೂತ್ಕೋ."

ಹುಡುಗಿ ಮೊದಲು ಮೈದಾನದ ಕ್ರಿಕೆಟ್ ಟೀಮಿನ ಬಳಿ ಹೋದಳು. ಅವರು ಬ್ಯಾಟ್ ಕೊಡಿಸಿ ಅಕ್ಕಾ ಎಂದರು, ಇಲ್ಲವೆಂದಾಗ ನಮಸ್ಕಾರ ಎಂದರು. ಕೊನೆಗೆ, ಊರಲ್ಲಿ ಬೇರೆ ಯುವಕರೇ ಇಲ್ಲವೆಂಬಂತೆ, ನಮ್ಮ ಗೋಡೆಯ ಮೇಲಿನ ಐವರನ್ನೇ ಹಿಡಿದಳು. ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಸಭೆ. ಎರಡನೆಯ ಸಭೆ ಮುಗಿಸಿ ಬಂದವಳ ಮುಖ ಒಂಥರಾ ಇತ್ತು.

"ಗುಂಪು ತನ್ನ ಸಮಸ್ಯೆ ಕಂಡ್ಕೊಳ್ತು, ತಾತ."

"ಏನಂತೆ? ಕೆಲಸ ಇಲ್ಲವೇ?"

"ಮೂರು ಜನಕ್ಕೆ ಇದೆ. ಕದಿರವನ್ ಅಂಬತ್ತೂರಲ್ಲಿ ಲೇತ್ ಮಷೀನ್ ನಡೆಸ್ತಾನೆ."

"ಕುಡಿತವೇ?"

"ಇಲ್ಲ."

"ಮತ್ತಿನ್ನೇನು ಸುಡುಗಾಡು ಸಮಸ್ಯೆ?"

"ನೀವು," ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಊಟ ಬೇಡವೆಂದೆ. ಅರ್ಧ ಗಂಟೆ ಕಳೆದ ಮೇಲೆ ಹಸಿವಾಗಿ ಉಂಡೆ. ಉಣ್ಣುವಾಗ ಯೋಚನೆ ಬಂತು, ಎಷ್ಟಾದರೂ ನಮ್ಮ ಕೂಸು, ಪಾಸಾಗಲಿ. "ಹೋಗ್ಲಿ ಬಿಡು, ನಾಳೆಯಿಂದ ನೀರು ಹಾಕಲ್ಲ," ಎಂದೆ. ಕುಣಿದಾಡುತ್ತಾಳೆ ಎಂದುಕೊಂಡರೆ ಬೆಚ್ಚಿಬಿದ್ದಳು.

"ಅಯ್ಯಯ್ಯೋ ತಾತ, ಬೇಡ! ಮೊಮ್ಮಗಳು ಅಂತ ನೀವು ಬಿಟ್ಟುಕೊಟ್ರೆ ಅದು ಗುಂಪಿನ ಕೆಲಸ ಆಗಲ್ಲ. ಮೇಡಂ ಹತ್ರ ನೀವು ನನ್ನ ತಾತ ಅಂತ ಹೇಳಿದೀನಿ. ಅವರು ಅದಕ್ಕೇ ಹೆಚ್ಚು ಹುಷಾರಾಗಿ ನೋಡ್ತಾರೆ. ನೀವು ದಯವಿಟ್ಟು ನೀರು ಹಾಕ್ತಾನೇ ಇರಿ."

ಹೀಗೆ, ನನ್ನ ಜೀವನದಲ್ಲಿ ಮೊದಲ ಬಾರಿಗೆ, ಮನೆಯವರ ಒಪ್ಪಿಗೆಯಿಂದಲೇ ನಾನು ಕೆಟ್ಟವನಾದೆ.

ಒಂಬತ್ತನೆಯ ಸಭೆ ನಮ್ಮ ಮನೆಯ ಹಾಲಿನಲ್ಲೇ ನಡೆಯಿತು. ಹುಡುಗರು ಸೆಕ್ರೆಟರಿಯನ್ನು, ಅಂದರೆ ನನ್ನನ್ನು, ಗೋಡೆಯ ಮೇಲೆ ಕೂರಲು ಬಿಡುವಂತೆ ಒಪ್ಪಿಸಬೇಕು. ಸುಮೇಧಾಳ ಮೇಡಂ ಎಳಿಲರಸಿ ಎಂಬುವರು ಒಂದು ನೋಟ್‌ಬುಕ್ ಹಿಡಿದು ಮೂಲೆಯಲ್ಲಿ ಕೂತರು. ನಮ್ಮ ಮನೆಯಾಕೆ ಶಾರದಮ್ಮ ಎಲ್ಲರಿಗೂ ಕಾಫಿ ಕೊಟ್ಟು ಒಳಗೆ ಹೋದಳು. ಹೊಸ ಶರ್ಟು ತೊಟ್ಟಿದ್ದ ಕದಿರವನ್ ಎದ್ದು ನಿಂತು, ಹಾಳೆ ಹಿಡಿದು, "ಮದಿಪ್ಪಿರ್ಕುರಿಯ ಅಯ್ಯಾ", ಅಂದರೆ ಮಾನ್ಯರೇ, ಎಂದು ತಮಿಳಿನಲ್ಲಿ ಓದಲು ಶುರುಮಾಡಿದ.

ನಾನು ಸಲೀಸಾಗಿ ಬಿಟ್ಟುಕೊಡಬಾರದಲ್ಲ? ಜೋರಾಗಿಯೇ ಕೇಳಿದೆ. "ಗೋಡೆ ಯಾರದು?" ಎಂದೆ. "ನಿಮ್ಮದು ಸಾರ್," ಎಂದ. "ಮತ್ತೆ?" ಎಂದೆ. ಅವನು ಹಾಳೆ ನೋಡಿದ, ಹಾಳೆಯಲ್ಲಿ ಇರಲಿಲ್ಲ. ಉಳಿದ ನಾಲ್ವರು ಕಾಫಿ ಲೋಟದೊಳಗೆ ಉತ್ತರ ಹುಡುಕುತ್ತಿದ್ದರು. ಸುಮೇಧಾ ತುಟಿ ಕಚ್ಚಿ ಕೂತಿದ್ದಳು, ಬಾಯಿ ಬಿಡುವಂತಿಲ್ಲ. ಮೇಡಂ ಪೆನ್ನು ಓಡುತ್ತಿತ್ತು. ದಡ್ಡ ಮುಂಡೇವು, ನನ್ನ ಮೊಮ್ಮಗಳ ವರ್ಷ ಹಾಳು ಮಾಡುತ್ತಿದ್ದಾರಲ್ಲ!

"ಎಷ್ಟು ವರ್ಷದಿಂದ ಕೂರ್ತಿದೀರಿ?" ಎಂದು ಕೇಳಿದೆ.

"ಐದನೇ ಕ್ಲಾಸಿಂದ, ಸಾರ್."

"ಅಂದ್ರೆ ಹನ್ನೆರಡು ವರ್ಷ. ಈ ಹನ್ನೆರಡು ವರ್ಷದಲ್ಲಿ ನಮ್ಮ ಕಟ್ಟಡದಲ್ಲಿ ಒಂದು ಸೈಕಲ್ಲಾದ್ರೂ ಕಳುವಾಗಿದೆಯೇ?"

"ಇಲ್ಲ ಸಾರ್."

"ಪಕ್ಕದ ಕಟ್ಟಡದಲ್ಲಿ?"

"ಮೂರು ಬೈಕ್ ಹೋಯ್ತು ಸಾರ್."

"ಅಲ್ಲಿ ಗೋಡೆ ಮೇಲೆ ಯಾರಾದ್ರೂ ಕೂರ್ತಾರೇನೋ? ಹೇಳೋ, ಬಾಯಿಬಿಟ್ಟು ಹೇಳು!"

"ಅಲ್ಲಿ ಗಾಜು ನೆಟ್ಟಿದಾರೆ ಸಾರ್, ಯಾರೂ ಕೂರಲ್ಲ."

"ಹಾಗಾದ್ರೆ ಇದರಿಂದ ಏನು ಗೊತ್ತಾಗತ್ತೆ?" ಎಂದು ಗೆದ್ದವನಂತೆ ತೊಡೆ ತಟ್ಟಿದೆ. ತಟ್ಟಿದ ಮೇಲೆ ತಿಳಿಯಿತು, ಸೋತವನು ನಾನೇ ಎಂದು. ಆದರೂ ಖುಷಿಯಾಯಿತು. ಎದ್ದು ನಿಂತು, ಒಪ್ಪಿದ್ದೇನೆ ಎಂದು ಸಾರಿದೆ.

ಎಳಿಲರಸಿ ಮೇಡಂ ನೋಟ್‌ಬುಕ್ ಮುಚ್ಚಿದರು. "ಸಾರ್, ಕೆಲಸ ತುಂಬ ಚೆನ್ನಾಗಿ ನಡೀತು," ಎಂದರು ತಮಿಳಿನಲ್ಲಿ. "ಆದರೆ ಮಾಡಿದ್ದು ನೀವು. ಗುಂಪು ಏನೂ ಮಾಡಲಿಲ್ಲ. ಇದನ್ನ ನಾನು ಲೆಕ್ಕಕ್ಕೆ ತಗೊಳ್ಳೋಕಾಗಲ್ಲ. ಇನ್ನೊಂದು ಸಭೆ ಇದೆ, ನೋಡೋಣ."

ಅವರು ಹೋದ ಮೇಲೆ ಸುಮೇಧಾ ಅಡುಗೆಮನೆಯಲ್ಲಿ ಅಜ್ಜಿಯ ಹೆಗಲ ಮೇಲೆ ಮುಖವಿಟ್ಟು ಅಳುತ್ತಿದ್ದಳು. ಮಗುವಾಗಿದ್ದಾಗಲೂ ಅವಳು ಹಾಗೆ ಅತ್ತದ್ದು ನಾನು ಕಂಡಿಲ್ಲ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು, ಅದೊಂದು ನನ್ನ ಕೈಲಾಗಲಿಲ್ಲ. "ಮುಂದಿನ ಭಾನುವಾರ ಸಂಘದ ಮೀಟಿಂಗಿದೆಯಲ್ಲ, ಅಲ್ಲಿಗೇ ಅವರನ್ನ ಕರ್ಕೊಂಡು ಬಾ," ಎಂದೆ. "ಹನ್ನೆರಡು ಮನೆಯವರ ಮುಂದೆ ಅವರೇ ಮಾತಾಡಲಿ. ರಾಯರಾಣೆ, ನಾನು ತುಟಿ ಪಿಟಕ್ಕೆನ್ನಲ್ಲ."

"ನಿಮ್ಮಿಂದ ಆಗತ್ತಾ ತಾತ?" ಎಂದಳು, ಮೂಗೊರೆಸಿಕೊಳ್ಳುತ್ತ. ಶಾರದಮ್ಮ ನಕ್ಕಳು. ನನಗೆ ಸಿಟ್ಟು ಬಂತು, ಆದರೆ ಅಭ್ಯಾಸವಾಗಲಿ ಎಂದು ಸುಮ್ಮನಿದ್ದೆ.

ಮೀಟಿಂಗು ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ನಡೆಯಿತು. ಎಲ್ಲರಿಗೂ ಸ್ವಾಗತ ಎಂದು ಹೇಳಿ ಬಾಯಿಗೆ ಬೀಗ ಹಾಕಿಕೊಂಡೆ. ಈ ಸಲ ಕದಿರವನ್ ಹಾಳೆ ತಂದಿರಲಿಲ್ಲ. ಎದ್ದು ನಿಂತ. ಆಮೇಲೆ ತನ್ನ ಮಾತಿನಲ್ಲೇ ಹೇಳತೊಡಗಿದ.

"ನಮ್ಮ ಮನೆ ಒಂದೇ ರೂಮು. ಅಣ್ಣ ನೈಟ್ ಶಿಫ್ಟ್, ಸಂಜೆ ಮಲಗಿರ್ತಾನೆ. ಮಾತಾಡಿದ್ರೆ ಎದ್ದುಬಿಡ್ತಾನೆ. ನಾನು ದಿನಾ ಎಂಟು ಗಂಟೆ ಮಷೀನ್ ಸದ್ದಲ್ಲಿ ಇರ್ತೀನಿ, ಅಲ್ಲೂ ಮಾತಾಡೋಕಾಗಲ್ಲ. ಇವರಿಗೂ ಹಾಗೇ. ನಮಗೆ ಮಾತಾಡೋಕೆ ಇರೋದು ಈ ಒಂದು ಜಾಗ." ಆಮೇಲೆ ಒಂದೊಂದಾಗಿ ಹೇಳಿದ: ಮೊಬೈಲಿನಲ್ಲಿ ಹಾಡು ಹಾಕುವುದಿಲ್ಲ, ಗೇಟಿಗೆ ಅಡ್ಡ ಬೈಕ್ ನಿಲ್ಲಿಸುವುದಿಲ್ಲ, ಎಂಟೂವರೆಗೆ ಎದ್ದುಹೋಗುತ್ತೇವೆ.

ಯಾರಿಂದಲೂ ಬರೆಸಿಕೊಂಡದ್ದಲ್ಲ ಅದು. ಶಭಾಷ್ ಎಂದು ಕೂಗಬೇಕೆನಿಸಿತು, ಟವೆಲ್ಲಿನ ಅಂಚನ್ನು ಕಚ್ಚಿ ಹಿಡಿದೆ.

ಎರಡನೆಯ ಮಹಡಿಯ ಜಯಪ್ರಕಾಶ್ ಎದ್ದ. ಉಡುಪಿ ಕಡೆಯವನು, ಹೋಟೆಲ್ ನಡೆಸುವವನು, ಯಾವುದನ್ನೂ ಸುಮ್ಮನೆ ನಂಬುವವನಲ್ಲ. "ಮಾತೆಲ್ಲ ಸರಿ. ನಾಳೆ ಏನಾದರೂ ಆದರೆ ಯಾರು ಹೊಣೆ? ಇವರು ಎಂಥವರು ಅಂತ ಈ ಕಟ್ಟಡದಲ್ಲಿ ಯಾರಿಗೆ ಗೊತ್ತು?" ಎಂದು ತಮಿಳಿನಲ್ಲಿ ಕೇಳಿ, ನನ್ನ ಕಡೆ ತಿರುಗಿದ. "ಬದರಿನಾಥ ರಾಯರೇ, ನಿಮಗೆ ಗೊತ್ತುಂಟಾ? ಒಂದು ಮಾತು ಹೇಳಿ ಮಾರಾಯ್ರೆ."

ಹನ್ನೆರಡು ಮನೆಯವರೂ ನನ್ನನ್ನೇ ನೋಡಿದರು. ನಾನು ಹೇಳುವ ಹಾಗಿಲ್ಲ. ಮೂಲೆಯಲ್ಲಿ ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದಾರೆ. ಸುಮೇಧಾ ನೆಲ ನೋಡುತ್ತ ಕೂತಿದ್ದಾಳೆ. ಕದಿರವನ್ ಒಂದು ಕ್ಷಣ ಹಿಂದಿನ ಸಾಲಿನತ್ತ ನೋಡಿ ಚಟ್ಟನೆ ಕಣ್ಣು ತಗ್ಗಿಸಿದ. "ಹಾಗೆ ಹೇಳೋಕೆ ನಮಗೆ ಯಾರೂ ಇಲ್ಲ, ಸಾರ್," ಎಂದ. ಮುಗಿಯಿತು ಅಂದುಕೊಂಡೆ.

"ನಾನಿದೀನಿ," ಎಂಬ ದನಿ ಬಂತು.

ಹಿಂದಿನ ಸಾಲಿನಲ್ಲಿ ಶಾರದಮ್ಮ ಎದ್ದು ನಿಂತಿದ್ದಳು. ಹನ್ನೊಂದು ವರ್ಷದಲ್ಲಿ ಒಂದು ಮೀಟಿಂಗಿನಲ್ಲೂ ಬಾಯಿ ತೆರೆಯದವಳು. "ನನಗೆ ಗೊತ್ತು ಇವರು. ಈ ಕದಿರವನ್ ಅಮ್ಮನಿಗೆ ಮಂಡಿನೋವು, ನನ್ನ ಹಾಗೇ. ಆ ಕೊನೇಲಿ ಕೂತಿರೋನು ಡಿಪ್ಲೊಮಾದ ಒಂದು ಪೇಪರ್ ಎರಡು ಸಲ ಬರೆದು ಮೂರನೇ ಸಲ ಪಾಸ್ ಮಾಡ್ದ. ಒಂದೂವರೆ ವರ್ಷದಿಂದ ದಿನಾ ಮಾತಾಡ್ತಿದೀನಿ."

ಜಯಪ್ರಕಾಶ್ ಅವಳ ಕಡೆ ತಿರುಗಿದ. "ಯಾವಾಗ ಅಮ್ಮ?"

ಶಾರದಮ್ಮ ನನ್ನ ಮುಖ ನೋಡಲಿಲ್ಲ. "ಇವರು ಗೋಡೆಗೆ ನೀರು ಹಾಕಿ ಮೇಲೆ ಬಂದು ಸಂಧ್ಯಾವಂದನೆಗೆ ಕೂರ್ತಾರಲ್ಲ, ನೂರೆಂಟು ಗಾಯತ್ರಿ ಮುಗಿಯೋವರೆಗೂ ಕಣ್ಣು ಬಿಡಲ್ಲ. ಅಷ್ಟರಲ್ಲಿ ನಾನು ಕೆಳಗಿಳಿದು ಇವರ ಹಳೇ ಪಂಚೇಲಿ ಗೋಡೆ ಒರೆಸ್ತಿದ್ದೆ. ಒರೆಸಿ ಸ್ವಲ್ಪ ಹೊತ್ತು ನಾನೂ ಕೂರ್ತಿದ್ದೆ. ಮೂರನೇ ಮಹಡೀಲಿ ದಿನವಿಡೀ ಇದ್ದು ಇದ್ದು ನನಗೂ ಒಬ್ಬರ ಹತ್ರ ಮಾತಾಡ್ಬೇಕು ಅನ್ಸತ್ತೆ."

ಯಾರೋ ಗೊಳ್ಳೆಂದು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಜಯಪ್ರಕಾಶ್ ಎಲ್ಲರಿಗಿಂತ ಮೊದಲು ಕೈಯೆತ್ತಿದ. ಒಂಬತ್ತು ಮನೆಯವರು ಹೂಂ ಎಂದರು, ಇಬ್ಬರು ಊಹೂಂ ಎಂದರು. ಹನ್ನೆರಡನೆಯ ಮನೆಯ ಯಜಮಾನನಾದ ನನಗೆ ಕೈಯೆತ್ತುವುದಕ್ಕೂ ನೆನಪಾಗಲಿಲ್ಲ. ಸಂಜೆ ಹೊತ್ತು ಹೂವಿಗೆಂದು ಹೋಗುತ್ತಾಳೆ ಅಂದುಕೊಂಡಿದ್ದೆ. ಮಂಡಿ ನೋಯಿಸಿಕೊಂಡು ಮೂರು ಮಹಡಿ ಇಳಿದು ಹತ್ತುತ್ತಿದ್ದಳಲ್ಲ, ಮಾತಿಗೋಸ್ಕರ.

ಮೆಟ್ಟಿಲ ಬಳಿ ಸುಮೇಧಾಳನ್ನು ನಿಲ್ಲಿಸಿದೆ. "ಪಾಸಾ?"

"ಆಮಾ ತಾತ. ಮೇಡಂ ಹೇಳಿದ್ರು."

"ಅಜ್ಜಿ ವಿಷಯ ನಿನಗೆ ಗೊತ್ತಿತ್ತೇ?"

"ಎರಡನೇ ಸಭೇಲೇ ಹುಡುಗರು ಹೇಳಿದ್ರು."

"ಮತ್ತೆ ಮೊದಲೇ ಹೇಳಿದ್ರೆ ಸುಲಭವಾಗಿ ಪಾಸಾಗ್ತಿದ್ಯಲ್ಲೇ! ಅಷ್ಟು ಅತ್ತೆ ಅವತ್ತು!"

"ಗುಂಪಿನಲ್ಲಿ ಕೇಳಿದ್ದನ್ನ ಹೊರಗೆ ಹೇಳೋ ಹಾಗಿಲ್ಲ ತಾತ. ಅದು ಅಜ್ಜಿ ಗುಟ್ಟು. ಅವರೇ ಹೇಳ್ಬೇಕಿತ್ತು." ಒಂದು ವರ್ಷ ಹೋದರೂ ಹೋಗಲಿ ಎಂದು ಕೂತಿದ್ದಳು, ಇಪ್ಪತ್ತೆರಡು ವರ್ಷದ ಹುಡುಗಿ. ಆ ಐವರೂ ಅಷ್ಟೇ, ನಮ್ಮ ಮನೆಯಲ್ಲೇ ಕೂತು ಅವಳ ಕೈಯಿಂದಲೇ ಕಾಫಿ ಕುಡಿದು, ಗುರುತಿರುವ ಹಾಗೆ ಕಣ್ಣು ಕೂಡ ಮಿಟುಕಿಸಲಿಲ್ಲ. ಇದನ್ನೇ ಆ ಕೋರ್ಸಿನಲ್ಲಿ ಕಲಿಸುತ್ತಾರಾದರೆ, ಕಲಿಸಲಿ.

ರಾತ್ರಿಯ ಊಟಕ್ಕೆ ಕೂತಾಗ ಶಾರದೆಯನ್ನು ಕೇಳಿದೆ, "ನನ್ನ ಹತ್ರ ಮಾತಾಡ್ಬಹುದಿತ್ತಲ್ಲ?"

"ನೀವು ಉತ್ತರ ಹೇಳ್ತೀರಿ," ಎಂದಳು ಹುಳಿ ಬಡಿಸುತ್ತ. "ನನಗೆ ಕೇಳೋರು ಬೇಕಿತ್ತು."

ಬೇಜಾರಾಯಿತು. ಉಪ್ಪಿನ ವಿಷಯವಲ್ಲ, ನಿಜವಾದ ಬೇಜಾರು. ನಲವತ್ತಾರು ವರ್ಷ ಜೊತೆಗಿದ್ದವಳಿಗೆ ಗೋಡೆ ಒರೆಸಿ ಮಾತಿಗೆ ಜಾಗ ಮಾಡಿಕೊಳ್ಳುವ ಹಾಗೆ ಮಾಡಿದ್ದೆನಲ್ಲ ಎಂದು ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನ ಪೈಪಿನ ತಂಟೆಗೆ ಹೋಗಲಿಲ್ಲ. ಸಂಧ್ಯಾವಂದನೆ ಮುಗಿಸಿ, ಅಂಗಿ ತೊಟ್ಟು ಕೆಳಗಿಳಿದರೆ ಐವರೂ ಇದ್ದರು, ಶಾರದೆ ಇನ್ನೂ ಬಂದಿರಲಿಲ್ಲ. ನಡುವೆ ಖಾಲಿ ಇದ್ದ ಕಡೆ ಕೂರಲು ಹೋದೆ. ಕದಿರವನ್ ಕೈ ಅಡ್ಡ ಹಿಡಿದ.

"ಸಾರ್, ಅದು ಪಾಟ್ಟಿ ಜಾಗ, ಅಜ್ಜಿದು. ನೀವು ಆ ಪಕ್ಕ ಕೂತ್ಕೊಳಿ."

ಸಂಘದ ಸೆಕ್ರೆಟರಿ ನಾನು, ನನ್ನ ಗೋಡೆ! ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ ಅಂಚಿಗೆ ಸರಿದು ಕೂತೆ. ಅಷ್ಟರಲ್ಲಿ ಶಾರದೆ ಒಂದು ಕೈಯಲ್ಲಿ ಮಂಡಿ ಹಿಡಿದು ಕೊನೆಯ ಮೆಟ್ಟಿಲು ಇಳಿದಳು. ನನ್ನನ್ನು ಅಲ್ಲಿ ಕಂಡು ಅಲ್ಲೇ ನಿಂತುಬಿಟ್ಟಳು.

"ಬಾ," ಎಂದೆ. "ನಿನ್ನ ಜಾಗದಲ್ಲಿ ಕೂತಿಲ್ಲ. ನೀನು ಮಾತಾಡು, ನಾನು ಸುಮ್ಮನಿರ್ತೀನಿ."