ಹನ್ನೆರಡು ಪದದ ಹಾಡು

"ಲೇ ಬೋಳಿಮಗನ, ಚೀಲ ಹೊರಾಂವ ನೀ. ನಿನಗ್ಯಾಕಲೇ ಬಿಟ್‌ಕಾಯಿನ್ನು?"

ಸಾಹೇಬ ಹೀಗೆ ಕೇಳಿದ್ದು ಮೂರನೇ ಸಲ. ನಾನು ಠಾಣೆಯ ನೆಲದ ಮೇಲೆ ಕೂತಿದ್ದೆ. ಎರಡು ಕುರ್ಚಿ ಖಾಲಿ ಇದ್ದವು. ಕೇರಿಯ ಹನಮೇಶ ನಾನು, ನನಗೆ ಕುರ್ಚಿ ಯಾಕೆ?

ನಾನು ಅಕ್ಕಿ ಗಿರಣಿಯ ಹಮಾಲಿ. ಊಟದ ಬಿಡುವಿನಲ್ಲಿ ಮೊಬೈಲಿನಲ್ಲೇ ಕಲಿತು, ನಾಲ್ಕು ವರ್ಷ ಪಗಾರದಲ್ಲಿ ಉಳಿಸಿ ಉಳಿಸಿ ಕ್ರಿಪ್ಟೋ ಕೊಂಡಿದ್ದೆ. ಬಾಡಿಗೆಗೆ ಓಡಿಸಲು ಹಳೆಯದೊಂದು ಮೂರು ಗಾಲಿಯ ಟಂಟಂ ಗಾಡಿ ಕೊಳ್ಳುವಷ್ಟಾಗಿತ್ತು. ಬೆನ್ನ ಮೇಲಿನ ಚೀಲ ಇಳಿಯುತ್ತಿತ್ತು. ಹೋದ ತಿಂಗಳು ಒಂದಿಷ್ಟು ಮಾರಿದೆ. ಕೊಂಡವನು ಎಲ್ಲಿಯವನೋ, ಯಾರಿಗೋ ಟೋಪಿ ಹಾಕಿದ ಹಣವನ್ನು ನನ್ನ ಖಾತೆಗೆ ಕಳಿಸಿದ್ದ. ಖಾತೆ ಬಂದ್ ಆಯಿತು, ನೋಟೀಸು ಬಂತು. ತೆರಿಗೆ ಕಟ್ಟಿದ ಕಾಗದ, ಮಾರಿದ ಕಾಗದ ಎಲ್ಲಾ ತಂದುಕೊಟ್ಟೆ. ಸಾಹೇಬ ಅವುಗಳ ಮೇಲೆ ಚಹಾದ ಲೋಟ ಇಟ್ಟ.

"ಉಳಿದ ಕಾಯಿನ್ನು ನನ್ನ ಮೊಬೈಲಿಗಿ ಹಾಕು. ಜಪ್ತಿ ಮಾಡ್ಬೇಕು."

"ಮಾಡ್ರಿ ಸರ್. ಜಪ್ತಿ ಮಾಡೀನಂತ ಬರದ ಸಹಿ ಹಾಕಿ ಕೊಡ್ರಿ."

ಕಪಾಳಕ್ಕೆ ಬಿತ್ತು. ಕಾಯ್ದೆ ಮಾತಾಡುವ ಹಮಾಲಿಯನ್ನು ಅವನು ಹಿಂದೆ ಕಂಡಿರಲಿಲ್ಲ.

ಠಾಣೆಗೆ ಬರುವ ಮೊದಲೇ ಕಾಯಿನ್ನು ಇಟ್ಟಿದ್ದ ಆ್ಯಪನ್ನು ಮೊಬೈಲಿನಿಂದ ಅಳಿಸಿದ್ದೆ. ಅದನ್ನು ಮತ್ತೆ ತೆರೆಯಲು ಹನ್ನೆರಡು ಇಂಗ್ಲಿಷ್ ಪದ ಬೇಕು, ಒಂದು ಹಿಂದೆಮುಂದಾದರೂ ತೆರೆಯುವುದಿಲ್ಲ. ಸೋರುವ ಮನೆಯಲ್ಲಿ ಕಾಗದ ಉಳಿಯುವುದಿಲ್ಲ, ನನ್ನ ತಲೆಯಲ್ಲಿ ಪದ ಉಳಿಯುವುದಿಲ್ಲ. ನಮ್ಮವ್ವ ಹುಲಗಮ್ಮನಿಗೆ ಅಕ್ಷರ ಬಾರದು, ಆದರೆ ನಾಟಿಯ ಹಾಡು ನೂರು ಬರುತ್ತವೆ. ಅವಳಿಗೇ ಹೇಳಿಕೊಟ್ಟೆ. ಎಂಟು ದಿನ ಗದ್ದೆಯಲ್ಲಿ ಗುನುಗಿ ಗುನುಗಿ ಅವನ್ನೇ ಹಾಡು ಮಾಡಿಕೊಂಡಳು. ಕಾಗದವನ್ನು ಒಲೆಗೆ ಹಾಕಿದೆ.

ಅಂಗಾಲಿಗೆ ಐದನೇ ಲಾಠಿ ಏಟು ಬಿದ್ದಾಗ ಅವ್ವನ ಹೆಸರು ಹೇಳಿಬಿಟ್ಟೆ. ಥೂ ನನ್ನ ಜನ್ಮಕ್ಕೆ.

ಜೀಪು ಹೋಗಿ ಅವಳನ್ನು ಗದ್ದೆಯಿಂದಲೇ ತಂದಿತು. ಮೊಣಕಾಲತನಕ ಕೆಸರು, ಸೀರೆ ಎತ್ತಿ ಕಟ್ಟಿದ್ದು ಹಾಗೇ ಇತ್ತು. ನನ್ನ ಪಾದ ನೋಡಿದಳು.

"ಏ ಮುದುಕಿ, ಆ ಹನ್ನೆರಡು ಮಾತು ಹೇಳು. ಮಗನ್ನ ಕರಕೊಂಡು ಹೋಗು."

"ಬ್ಯಾಡ ಯವ್ವಾ," ಅಂದೆ. ಪೇದೆ ನನ್ನ ಬಾಯಿಗೆ ಹೊಡೆದ.

"ನಿಂತ್ರ ಬರಾಂಗಿಲ್ರಿ ಸಾಹೇಬ್ರ," ಅಂದಳು ಅವ್ವ. "ಬಗ್ಗಿ ನೆಲ್ಲು ಹಚ್ಚಾಗ ಅಷ್ಟ ಬಾಯಿಗಿ ಬರ್ತೈತಿ."

"ಹಂಗಾರ ಬಗ್ಗು. ನೀವು ಹುಟ್ಟಿದ್ದ ಬಗ್ಗಾಕಲ್ಲೇನು?"

ಅವ್ವ ಅವನ ಮೇಜಿನ ಮುಂದೆ ಬಗ್ಗಿದಳು. ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದಂತೆ ಮಾಡಿ, ಬಲಗೈಯಿಂದ ಸಿಮೆಂಟಿನ ನೆಲಕ್ಕೆ ಊರತೊಡಗಿದಳು. ಪೇದೆಗಳು ಕಿಸಿಕಿಸಿ ನಕ್ಕರು.

"ಟೈಗರ ಬಂತವ್ವ ಬದುವಿನ ಮ್ಯಾಲ..."

ಸಾಹೇಬ ಮೊಬೈಲಿನಲ್ಲಿ ಟೈಗರ್ ಎಂದು ಒತ್ತಿದ.

"ಲೆಮನ್ನ ಇಟ್ಟೇನಿ ಉಡಿಯಾಗ..."

ನಾಟಿ ಹಚ್ಚುವವರು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾರೆ. ಸಾಹೇಬ ಅನ್ನ ಉಂಡವನೇ ಹೊರತು ಗದ್ದೆ ಕಂಡವನಲ್ಲ. ಅವ್ವ ಊರುತ್ತಾ ಊರುತ್ತಾ ಬಾಗಿಲ ಕಡೆ ಸರಿದಳು, ದನಿ ಸಣ್ಣದು ಮಾಡಿದಳು. ಅವನು ಕುರ್ಚಿ ಬಿಟ್ಟೆದ್ದು, ಮೊಬೈಲು ಹಿಡಿದು, ಅವಳ ಬಾಯಿಗೆ ಕಿವಿಗೊಟ್ಟು ತಾನೂ ಬಗ್ಗಿ ನಡೆದ. ಹೊಸ್ತಿಲು ದಾಟಿದರು. ಗೇಟು ದಾಟಿದರು. ನಾನು ಕೂತಲ್ಲಿಂದ ರಸ್ತೆತನಕ ಕಾಣುತ್ತಿತ್ತು. ಆರನೇ ಪದದ ಹೊತ್ತಿಗೆ ಚಹಾದಂಗಡಿಯವರು, ಬಸ್ಸಿಗೆ ನಿಂತವರು ಎಲ್ಲಾ ತಿರುಗಿ ನೋಡುತ್ತಿದ್ದರು.

ಅಲ್ಲಿ ಅವ್ವ ಹಾಡನ್ನು ಅರ್ಧಕ್ಕೇ ಬಿಟ್ಟು, ಸೊಂಟ ನೆಟ್ಟಗೆ ಮಾಡಿ ನಿಂತಳು. ಸಾಹೇಬ ಇನ್ನೂ ಬಗ್ಗಿಯೇ ಇದ್ದ.

"ನೋಡ್ರಿಪಾ ಎಲ್ಲಾರೂ," ಅವಳ ದನಿ ಒಳತನಕ ಕೇಳಿಸಿತು. "ನನ್ನ ಮಗ ಹನಮೇಶ ಮುಂಜಾನಿ ತನ್ನ ಕಾಲಿಲೆ ನಡಕೋಂತ ಈ ಠಾಣೆದಾಗ ಹೋಗ್ಯಾನ. ಅವನ ರೊಕ್ಕ ಕಸಗೊಳ್ಳಾಕ ಬಡದಾರ. ಅಂವ ಜೀವಂತ ಹೊರಗ ಬರೂತನಾ ನಾ ಇಲ್ಲೇ ಕುಂದರ್ತೀನಿ. ನೀವೂ ನೋಡ್ಕೋಂತ ಇರ್ರಿ."

ಗೇಟಿನ ಮುಂದೆ, ಡಾಂಬರಿನ ಮೇಲೆ ಕೂತೇಬಿಟ್ಟಳು.

ಯಾರೋ ಒಬ್ಬರು ಮೊಬೈಲು ಎತ್ತಿ ಹಿಡಿದರು. ಬಸ್ಸು ಬಂತು, ಕೆಲವರು ಹತ್ತಿ ಹೋದರು.

ಸಾಹೇಬ ಬೆಲ್ಟು ಸರಿಮಾಡಿಕೊಳ್ಳುತ್ತಾ ಒಳಗೆ ಬಂದ. ನನ್ನನ್ನೇ ನೋಡುತ್ತಾ ಬಾಗಿಲು ಹಾಕಿ ಚಿಲಕ ಏರಿಸಿದ.