ಹೊಂಗೆಮರದ ಮಡು

ಅಂಚೆಟ್ಟಿ ಕಡೆಯ ಆ ಹೊಳೆಗೆ ಮೆಟ್ಟಿಲು ಎಲ್ಲಿ ಇಳಿಸಬೇಕು ಎಂದು ಊರವರನ್ನೇ ಕೇಳಿದ ಎಂಜಿನಿಯರ್ ನಾನು. ಅದರ ಬಗ್ಗೆ ನನಗೆ ಜಂಬವೂ ಇತ್ತು. ಕೃಷ್ಣಗಿರಿಯ ಆಫೀಸಿನಲ್ಲೇ ಕೂತು ನಕ್ಷೆ ಎಳೆಯುವವರನ್ನು ಕಂಡರೆ ನನಗಾಗದು. ಭಾನುವಾರ ಹೊಸೂರಿನಿಂದ ಮಕ್ಕಳುಮರಿ ಕಟ್ಟಿಕೊಂಡು ಬರುವವರು ನೀರಿಗಿಳಿದು ಆಡಲು ಮೆಟ್ಟಿಲು, ಬಟ್ಟೆ ಬದಲಿಸಲು ಕೋಣೆ, ಗಾಡಿ ನಿಲ್ಲಿಸಲು ಜಾಗ. ನಮ್ಮ ಕೆಲಸ ಇಷ್ಟೇ.

ಊರವರನ್ನು ದಂಡೆಗೆ ಕರೆದು, ಮರಳಿನ ಮೇಲೆ ಸುಣ್ಣದ ಪುಡಿಯಲ್ಲಿ ಹೊಳೆ ಬರೆದು, "ಎಲ್ಲಿ ಕಟ್ಟೋಣ, ನೀವೇ ಹೇಳಿ" ಎಂದೆ.

"ಎಲ್ಲಾದ್ರೂ ಕಟ್ಟಮ್ಮ" ಎಂದರು.

ನನ್ನ ಕಣ್ಣಿಗೆ ಮೊದಲೇ ಬಿದ್ದದ್ದು ಹೊಂಗೆಮರದ ಕೆಳಗಿನ ಬಂಡೆ. ತಂಪು ನೆರಳು, ಅಲುಗದ ನೀರು. ದಂಡೆಯಲ್ಲಿ ಅಳತೆಗೋಲು ಇಳಿಸಿದರೆ ಮೂರೇ ಅಡಿ. ಅಲ್ಲೇ ಗೂಟ ಹೊಡೆಸಿದೆ.

ಎಲ್ಲರ ಬಾಯಿಗೂ ಬೀಗ ಬಿತ್ತು. ಲಕ್ಷ್ಮಣಪ್ಪ ಎಂಬ ಮುದುಕರು ಮಾತ್ರ "ಅಲ್ಲೊಂದು ಬ್ಯಾಡಮ್ಮ" ಎಂದರು.

"ಯಾಕೆ?"

"ಬ್ಯಾಡ ಅಂದ್ರೆ ಬ್ಯಾಡ."

ಬಂಡೆಯ ಪಕ್ಕದ ರಾಗಿ ಹೊಲ ಅವರದೇ. ಜನ ಹೊಲ ತುಳಿಯುತ್ತಾರೆಂಬ ಸಂಕಟ ಎಂದುಕೊಂಡು ರೇಗಿದೆ. "ನಿಮ್ಮ ಹೊಲಕ್ಕೆ ಬೇಲಿ ಹಾಕಿಸ್ತೀನಿ ತಾತ. ಕಾರಣ ಇದ್ರೆ ಹೇಳಿ, ಇಲ್ಲ ಸುಮ್ಮನಿರಿ." ಆ ಮಾತು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಆಗ ಅವರ ಹೆಂಡತಿ ಭದ್ರಮ್ಮ ಎದ್ದು ಬಂದು ನನ್ನ ಕೈಯಿಂದ ಅಳತೆಗೋಲು ಕಿತ್ತುಕೊಂಡರು. ನಾನು ಅಳೆಯದೆ ಬಿಟ್ಟಿದ್ದ ಬಂಡೆಯ ಹೊರತುದಿಗೆ ಹೋಗಿ ಇಳಿಬಿಟ್ಟರು. ಹದಿಮೂರು ಅಡಿಯ ಕೋಲು ಪೂರ್ತಿ ಮುಳುಗಿ, ಅವರ ಮೊಣಕೈ ತನಕ ನೀರು ಬಂತು. ತಳ ಸಿಗಲಿಲ್ಲ.

"ನನ್ ಮಗಳು ಭಾಗ್ಯಲಕ್ಷ್ಮಿ ಇಲ್ಲೇ ಹೋಗಿದ್ದು. ಹನ್ನೊಂದು ವರ್ಸ ಆಯ್ತು. ಬಂಡೆ ಕೆಳ್ಗೆ ಮಡು ಐತೆ."

"ಬಾಯ್ ಮುಚ್ಚೇ! ಮನೇಲಿ ಬೀರೇಶ ಅವ್ನೆ!" ಎಂದು ಲಕ್ಷ್ಮಣಪ್ಪ ಕೂಗಿ, ತಲೆಯ ಮೇಲೆ ಕೈಹೊತ್ತು ಕುಸಿದರು.

"ಅವ್ರಿವ್ರ ಮಕ್ಳು ಇಲ್ಲಿ ಇಳೀತವಲ್ಲಯ್ಯಾ. ಎಂಗೆ ಸುಮ್ಕಿರ್ಲಿ?" ಎಂದರು ಭದ್ರಮ್ಮ.

ಊರ ಹಿರಿಯ ಮುನಿಯಲ್ಲಪ್ಪ ವಾಪಸು ಬರುವಾಗ ನನಗೆ ಬಿಡಿಸಿ ಹೇಳಿದರು. ನೀರು ಬಲಿ ತೆಗೆದುಕೊಂಡವರ ಹೆಸರನ್ನು ಮನೆಯವರು ಆ ನೀರಿನ ಮುಂದೆ ಎತ್ತಬಾರದು. ಎತ್ತಿದರೆ ಅದು ಅದೇ ಮನೆಯಿಂದ ಇನ್ನೊಬ್ಬರನ್ನು ಕೇಳುತ್ತದೆ. ಮನೆಯವರೇ ಎತ್ತದ ಮಾತನ್ನು ಊರವರೂ ಎತ್ತುವುದಿಲ್ಲ. ಭದ್ರಮ್ಮನಿಗೆ ಉಳಿದಿರುವವನು ಮಗ ಬೀರೇಶ ಒಬ್ಬನೇ. ಹೊಸೂರಿನ ಫ್ಯಾಕ್ಟರಿಯಿಂದ ಬಂದು, ಅಂಚೆಟ್ಟಿಯಲ್ಲಿ ಬಸ್ ಇಳಿದು, ದಿನವೂ ಅದೇ ಹೊಳೆಯ ತಗ್ಗು ಸೇತುವೆ ದಾಟಿ ಮನೆಗೆ ನಡೆಯುತ್ತಾನೆ.

"ಅದೆಲ್ಲ ಮೂಢನಂಬಿಕೆ" ಎಂದೆ.

ಮೆಟ್ಟಿಲನ್ನು ಅರ್ಧ ಕಿಲೋಮೀಟರ್ ಕೆಳಗೆ, ಮರಳು ಹರಡಿಕೊಂಡಿರುವ ಕಡೆ ಕಟ್ಟಿದೆವು. ಬಂಡೆಯ ಸುತ್ತ ಬೇಲಿ ಹಾಕಿ, ತಮಿಳು ಕನ್ನಡ ಎರಡರಲ್ಲೂ ಎಚ್ಚರಿಕೆಯ ಫಲಕ ನಿಲ್ಲಿಸಿದೆವು. ಉದ್ಘಾಟನೆಯ ದಿನ ಮೇಲಿನವರು ನನ್ನ ಸರ್ವೆಯನ್ನು ಹೊಗಳಿದರು. ಅದು ಯಾರ ಸರ್ವೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಭದ್ರಮ್ಮ ಸೇತುವೆಯ ಮೇಲೆ, ಬಸ್ಸಿನ ದಾರಿಗೆ ಮುಖ ಮಾಡಿ ಕೂತಿದ್ದರು. ಹೋಗಿ ಪಕ್ಕದಲ್ಲಿ ಕೂತೆ.

"ಚೆಂದಾಗೈತೆ ಕಣಮ್ಮ, ಮಕ್ಳು ಆಡ್ತವೆ" ಎಂದರು. ಆಮೇಲೆ ಮೆಲ್ಲಗೆ, "ಬೀರೇಶ ಮನೆಗೆ ಬಂದ್ಮ್ಯಾಕೆ ನಿನ್ಗೊಂದು ಫೋನ್ ಮಾಡ್ಲಾ? ಯಜಮಾನ್ರ ತಾವ ಭಯ ಅನ್ನಂಗಿಲ್ಲ. ಊರೋರ ತಾವ್ಲೂ ಅನ್ನಂಗಿಲ್ಲ."

ಅಂದಿನಿಂದ ದಿನವೂ ಸಂಜೆ ಏಳೂವರೆಗೆ ಫೋನು. "ಬಂದ ಕಣಮ್ಮ." ಅಷ್ಟೇ, ಇಟ್ಟುಬಿಡುತ್ತಾರೆ. ಎರಡು ವರ್ಷವಾಯಿತು.

ಹೋದ ವಾರ ಬೆಟ್ಟದ ಮೇಲೆ ಜೋರು ಮಳೆ. ಎಂಟೂವರೆಯಾದರೂ ಫೋನಿಲ್ಲ. ನಾನು ಮಾಡಿದರೆ ಸಿಗುತ್ತಿಲ್ಲ. ತಟ್ಟೆಗೆ ಬಡಿಸಿದ ಅನ್ನ ಆರಿ ತಣ್ಣಗಾಯಿತು. ಮೂಢನಂಬಿಕೆ ಎಂದಿದ್ದ ನಾನು ಫೋನ್ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಭದ್ರಮ್ಮನ ಬಾಯಿಂದ ಮಗಳ ಹೆಸರು ಹೊರಡಿಸಿದವಳು ನಾನೇ ಅಲ್ಲವೇ?

ಒಂಬತ್ತಕ್ಕೆ ಫೋನ್ ಬಂತು. "ಬಸ್ ಕೆಟ್ಟೋಗಿತ್ತಂತೆ. ಬಂದ ಕಣಮ್ಮ."

ನಾನು ಬಿಕ್ಕುವುದು ಆಕೆಗೆ ಕೇಳಿಸಿರಬೇಕು. ಈ ಸಲ ಫೋನ್ ಇಡಲಿಲ್ಲ.

"ಉಂಡಿಲ್ವಾ?"

"ಇಲ್ಲಮ್ಮ."

"ಅಯ್ಯೋ ಮಗಳೇ, ನಿನ್ಗೂ ಅಂಟ್ಕಂತಾ ಈ ಭಯ" ಎಂದು ಭದ್ರಮ್ಮ ಅತ್ತರು.