ಭೈರಮ್ಮನಿಗೆ ಹೊದಿಸಿದ ಶಾಲು

"ಥೂ! ಪೊಲೀಸ್ರಿಗೆ ಹೇಳಿ ಒಡಹುಟ್ಟಿದ ಅಣ್ಣನ್ನೇ ಹಿಡಿಸಿದ್ಯಲ್ಲೇ ಮುಂಡೆ! ನಿನ್ ಬಾಯಿಗೆ ಮಣ್ಣಾಕ!"

ನಲ್ಲಿಕಟ್ಟೆಯಲ್ಲಿ ಅತ್ತಿಗೆ ಚೌಡಮ್ಮ ಉಗಿದಳು. ಉಗುಳು ಭೈರಮ್ಮನ ಬಿಂದಿಗೆಗೇ ಬಿತ್ತು. ಸುತ್ತ ನಿಂತ ಹೆಂಗಸರು ಯಾರೂ ತಡೆಯಲಿಲ್ಲ. ಭೈರಮ್ಮ ನೀರು ಚೆಲ್ಲಿ, ಬರಿ ಬಿಂದಿಗೆ ಹೊತ್ತು ವಾಪಸು ಹೋದಳು. ಅವಳಿಗೆ ಏನು ಹೇಳುವುದು? ಪೊಲೀಸರಿಗೆ ಹೇಳಿದ್ದು ತಾನೇ ಎಂಬುದು ಸುಳ್ಳಲ್ಲವಲ್ಲ.

ಸರಕಾರ ಸಾರಾಯಿ ನಿಲ್ಲಿಸಿದ ಮರುವರ್ಷ ಅದು. ಶೃಂಗೇರಿ ಕಡೆಯ ಆ ಹಳ್ಳಿಯ ಶಾಲೆಯಲ್ಲಿ ಹೊಸ ಎಸ್ಸೈ ನೆರೆಹೊರೆ ಸಮಿತಿ ಮಾಡಿದ್ದ. ಅಧ್ಯಕ್ಷ ಕಾಫಿ ತೋಟದ ವೃಷಭೇಂದ್ರಪ್ಪ. ಕಾಲೋನಿಯ ಪರವಾಗಿ ಅವನದೇ ತೋಟದ ಕೂಲಿ ಭೈರಮ್ಮ.

"ಪೊಲೀಸರು ಮೊದಲು ಯಾವ ಕೆಲಸಕ್ಕೆ ಕೈ ಹಾಕಬೇಕು, ನೀವೇ ಹೇಳಿ. ಹೆದರಬೇಡಿ," ಎಂದಿದ್ದ ಎಸ್ಸೈ.

"ಮೆಣಸು ಕದಿಯೋ ಈ ಕಾಲೋನಿ ಸೂಳೆಮಕ್ಳನ್ನ ಮೊದ್ಲು ಒದ್ದು ಒಳಗೆ ಹಾಕಿ," ಎಂದ ವೃಷಭೇಂದ್ರಪ್ಪ.

ಭೈರಮ್ಮ ಎದ್ದಳು. "ಕಳ್ಳಭಟ್ಟಿ ನಿಲ್ಸಿ ಸ್ವಾಮಿ. ನಮ್ ಗಂಡಸ್ರು ಕೂಲಿನೆಲ್ಲ ಅಲ್ಲೇ ಸುರ್ದು ಬತ್ತಾರೆ. ಹೆಣ್ಮಕ್ಳು ಆ ದಾರೀಲಿ ಬಂದ್ರೆ ಸೆರಗಿಗೇ ಕೈ ಹಾಕ್ತಾರೆ."

"ಎಲ್ಲಿ ಕಾಯಿಸ್ತಾರೆ?"

ಅವಳು ಒಡೆಯನ ಮುಖ ನೋಡಿ ಕೂತುಬಿಟ್ಟಳು. ಸಭೆ ಮುಗಿದ ಮೇಲೆ ಎಸ್ಸೈ ಹತ್ತಿರ ಬಂದ. "ಅಮ್ಮಾ, ನಿನ್ನ ಹೆಸರು ನನ್ನ ಬಾಯಿಂದ ಬರಲ್ಲ." ಯಾವ ಪೊಲೀಸನೂ ಅವಳನ್ನು ಅಮ್ಮಾ ಎಂದಿರಲಿಲ್ಲ. ಅವಳೇ ಮುಂದೆ ನಡೆದು, ವೃಷಭೇಂದ್ರಪ್ಪನ ತೋಟದ ಶೆಡ್ಡು ತೋರಿಸಿ ಬಂದಳು.

ಮಾರನೇ ಬೆಳಿಗ್ಗೆ ಜೀಪು ಬಂತು. ಶೆಡ್ಡಿಗಲ್ಲ, ಕಾಲೋನಿಗೆ. ಅವಳ ಅಣ್ಣ ವಾಸಪ್ಪನ ಮನೆಯ ಹಿತ್ತಲಿಂದ ಪೇದೆಗಳು ಕಳ್ಳಭಟ್ಟಿಯ ಕ್ಯಾನುಗಳನ್ನು ಎತ್ತಿಕೊಂಡು ಬಂದರು. "ನಂದಲ್ಲ ಸ್ವಾಮಿ, ದೇವ್ರಾಣೆ," ಎಂದವನ ಬೆನ್ನಿಗೆ ಬೂಟುಗಾಲು ಬಿತ್ತು.

ಭೈರಮ್ಮ ಓಡಿಬಂದು ಕಿರುಚಿದಳು. "ನಾ ತೋರ್ಸಿದ್ದು ಇದಲ್ಲ!"

ಕಾಲೋನಿಗೆ ಕೇಳಿಸಿದ್ದು 'ನಾ ತೋರ್ಸಿದ್ದು' ಎಂಬುದಷ್ಟೇ. ಎಸ್ಸೈ ಅವಳ ಕಡೆ ತಿರುಗಿಯೂ ನೋಡಲಿಲ್ಲ.

ವಾಸಪ್ಪ ಇನ್ನೂ ಜೈಲಿನಲ್ಲಿರುವಾಗಲೇ ಸಮಿತಿಯ ಎರಡನೇ ಸಭೆ. ಪೇದೆಯೊಬ್ಬ ಬಂದು ಭೈರಮ್ಮನನ್ನು ಕರೆದುಕೊಂಡು ಹೋದ. ಕಾಲೋನಿಯವರನ್ನೂ ಕರೆಸಿ ನೆಲದ ಮೇಲೆ ಕೂರಿಸಿದ್ದರು.

"ಜನ ಹೇಳಿದ ಮೊದಲ ಕೆಲಸವನ್ನು ಇಲಾಖೆ ಮಾಡಿ ತೋರಿಸಿದೆ," ಎಂದ ಎಸ್ಸೈ ಮೈಕಿನಲ್ಲಿ. "ಧೈರ್ಯವಾಗಿ ಮಾಹಿತಿ ಕೊಟ್ಟ ಭೈರಮ್ಮನಿಗೆ ಅಧ್ಯಕ್ಷರಿಂದ ಸನ್ಮಾನ."

ವೃಷಭೇಂದ್ರಪ್ಪ ಮೈ ತಾಗದ ಹಾಗೆ ದೂರದಿಂದಲೇ ಅವಳ ಹೆಗಲಿಗೆ ಶಾಲು ಎಸೆದ. ನಗುತ್ತಲೇ ಮೆಲ್ಲಗೆ ಅಂದ: "ಇನ್ನೊಂದ್ಸಲ ಬಾಯಿ ಬಿಟ್ರೆ ಮುಂದಿನ ಕ್ಯಾನು ನಿನ್ ಮನೇಲೇ ಸಿಗ್ತದೆ, ಹಲ್ಕಾ ರಂಡೆ."

ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ನೆಲದಲ್ಲಿದ್ದವರು ತಟ್ಟಲಿಲ್ಲ. ಭೈರಮ್ಮ ಶಾಲು ತೆಗೆದು, ಒಡೆಯನ ಕತ್ತಿಗೆ ಸುತ್ತಿ, ಎರಡೂ ತುದಿ ಬಿಗಿಯಾಗಿ ಹಿಡಿದು ನಿಂತಳು.

"ನಾ ತೋರ್ಸಿದ್ದು ನಿಮ್ ಶೆಡ್ಡು ಒಡೆಯಾ. ಭಟ್ಟಿ ನಿಮ್ದು. ಶಾಲೂ ನಿಮ್ಗೇ ಇರ್ಲಿ."

ಎದುರಿಗಿದ್ದ ಮೈಕಿನಲ್ಲಿ ಅದು ಊರಿಗೆಲ್ಲ ಕೇಳಿಸಿತು. ವೃಷಭೇಂದ್ರಪ್ಪ ಅವಳ ಕೆನ್ನೆಗೆ ಬಾರಿಸಿದ. ಎಸ್ಸೈ ಮೈಕಿನ ವೈರು ಕಿತ್ತ. ಪೇದೆಗಳು ಜುಟ್ಟು ಹಿಡಿದು ಅವಳನ್ನು ಎಳೆದೊಯ್ದು ಜೀಪಿನೊಳಗೆ ನೂಕಿದರು.

ನೆಲದಲ್ಲಿ ಕೂತಿದ್ದ ಚೌಡಮ್ಮ ಎದ್ದಳು. ಯಾರೂ ಕರೆಯದಿದ್ದರೂ ನಡೆದುಹೋಗಿ ಜೀಪು ಹತ್ತಿ ನಾದಿನಿಯ ಪಕ್ಕ ಕೂತಳು.

"ನೀನ್ಯಾಕೆ ಹತ್ತಿದ್ಯೇ? ಇಳಿ!" ಪೇದೆ ಲಾಠಿ ಎತ್ತಿದ.

"ಆ ಶೆಡ್ಡು ನಂಗೂ ಗೊತ್ತು," ಎಂದಳು ಚೌಡಮ್ಮ. "ನಡಿ, ತೋರಿಸ್ತೀನಿ."